ಮಲೆನಾಡಿನ ತಾಲ್ಲೂಕು ಆಸ್ಪತ್ರೆಗಳಿಗೆ ಓಸಿಟಿ ಯಂತ್ರ ಕೊಡಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು, ಕರ್ನಾಟಕ ಸರ್ಕಾರ
ಪ್ರತಿ: ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲಾಧಿಕಾರಿಗಳಿಗೆ, ಎರಡೂ ಜಿಲ್ಲೆಗಳ ಶಾಸಕರಿಗೆ

ಮಾನ್ಯರೇ,

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ತಾಲ್ಲೂಕು ಆಸ್ಪತ್ರೆಗಳಲ್ಲಿ ನೇತ್ರಾಧಿಕಾರಿಯಾಗಿ ಕೆಲಸ ಮಾಡಿ ನಿವೃತ್ತನಾದವನು ನಾನು. ಈಗ ಮೂಡಿಗೆರೆಯಲ್ಲಿ ವಾಸ. ನನ್ನ ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಮಲೆನಾಡಿನ ಕನಿಷ್ಠ ಎರಡು ತಾಲ್ಲೂಕು ಆಸ್ಪತ್ರೆಗಳಲ್ಲಿ, ಹಾಸನ ಜಿಲ್ಲೆಯಲ್ಲಿ ಸಕಲೇಶಪುರ, ಚಿಕ್ಕಮಗಳೂರು ಜಿಲ್ಲೆಯಲ್ಲಿ ಕೊಪ್ಪ ಅಥವಾ ಮೂಡಿಗೆರೆ, ಒಂದೊಂದು ಓಸಿಟಿ ಯಂತ್ರ, ಅಂದರೆ ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾದ ಪದರಗಳ ಚಿತ್ರ ತೆಗೆಯುವ ಯಂತ್ರ, ಇಡಿಸಿ. ಅದರಲ್ಲಿ ತೆಗೆದ ಚಿತ್ರವನ್ನು ಅದೇ ದಿನ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯ ರೆಟಿನಾ ತಜ್ಞರು ನೋಡಿ ಉತ್ತರ ಕೊಡುವ ಏರ್ಪಾಡು ಮಾಡಿ. ಯಾಕೆ ಇಷ್ಟು ಒತ್ತಾಯ ಮಾಡುತ್ತಿದ್ದೇನೆ ಎಂಬುದನ್ನು ಹೇಳಲು ಸ್ವಲ್ಪ ಜಾಗ ಬೇಕು. ದಯವಿಟ್ಟು ಪೂರ್ತಿ ಓದಿ.

ನಮ್ಮಲ್ಲಿ ಕಣ್ಣಿನ ಕಾಯಿಲೆ ಎಂದರೆ ಪೊರೆ. ಅದರಲ್ಲಿ ತಪ್ಪೇನಿಲ್ಲ. 1976ರಲ್ಲಿ ಶುರುವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಪೊರೆಯನ್ನೇ ಮುಂದಿಟ್ಟುಕೊಂಡು ಬೆಳೆಯಿತು. ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ಹಾಕಿ ಬಡವರ ಪೊರೆ ತೆಗೆದ ನಾಡು ಇದು. ಆಶಾಕಿರಣ ಯೋಜನೆಯಲ್ಲಿ ಮನೆ ಮನೆಗೆ ಹೋಗಿ ಕಣ್ಣು ನೋಡಿ ಕನ್ನಡಕ ಕೊಟ್ಟಿದ್ದನ್ನು ನಾನು ಮನಸಾರೆ ಮೆಚ್ಚಿದ್ದೇನೆ. ಆದರೆ ಇಲಾಖೆ ಲೆಕ್ಕ ಕೇಳುವುದೆಲ್ಲ ಎಷ್ಟು ಪೊರೆ ಶಸ್ತ್ರಚಿಕಿತ್ಸೆ ಆಯಿತು, ಎಷ್ಟು ಕನ್ನಡಕ ಹಂಚಿದಿರಿ ಎಂದು. ಪೊರೆ ಬಂದವರಿಗೆ ಆರು ತಿಂಗಳು ಕಾದರೂ ದೃಷ್ಟಿ ಮರಳಿ ಸಿಗುತ್ತದೆ. ಅಕ್ಷಿಪಟಲದಲ್ಲಿ ನೀರು ತುಂಬಿ ಪದರ ಬಿಟ್ಟುಕೊಂಡವರ ವಿಷಯ ಹಾಗಲ್ಲ. ಅವರಿಗೆ ದಿನಗಳ ಲೆಕ್ಕ. ಆ ಲೆಕ್ಕ ನಮ್ಮ ಯಾವ ವರದಿಯ ಕಾಲಂನಲ್ಲೂ ಬರುವುದಿಲ್ಲ.

ಅಕ್ಷಿಪಟಲ, ಅಂದರೆ ರೆಟಿನಾ, ಕಣ್ಣಿನ ಒಳಗೋಡೆಗೆ ಹಿಂಬದಿಯಲ್ಲಿ ಅಂಟಿಕೊಂಡಿರುವ ತೆಳು ಪರದೆ. ಕಣ್ಣಿನ ಮಧ್ಯಭಾಗದಲ್ಲಿ ಅದರ ದಪ್ಪ ಸುಮಾರು ಕಾಲು ಮಿಲಿಮೀಟರ್. ಅಷ್ಟರೊಳಗೇ ಹತ್ತು ಪದರಗಳನ್ನು ವೈದ್ಯಕೀಯ ಪುಸ್ತಕಗಳು ಎಣಿಸುತ್ತವೆ. ಬೆಳಕನ್ನು ಹಿಡಿಯುವ ರಾಡ್ ಮತ್ತು ಕೋನ್ ಕೋಶಗಳು ಈ ಪರದೆಯ ಹಿಂಬದಿಯಲ್ಲಿರುತ್ತವೆ. ಅವುಗಳ ಬೆನ್ನಿಗೆ ಕಪ್ಪು ಬಣ್ಣದ ಕೋಶಗಳ ಒಂದೇ ಸಾಲು. ಅದರ ಆಚೆ ರಕ್ತನಾಳಗಳೇ ತುಂಬಿದ ಕೋರಾಯ್ಡ್. ಬೆಳಕಿನ ಕೋಶಗಳಿಗೆ ಅನ್ನ ನೀರು ಬರುವುದು ಈ ಕೋರಾಯ್ಡ್‌ನಿಂದ. ಉರಿಯೂತವಾಗಿ ಕೋರಾಯ್ಡ್ ಊದಿಕೊಂಡರೆ ಅಲ್ಲಿಂದ ನೀರು ಜಿನುಗಿ ಒಳಗೆ ನುಗ್ಗುತ್ತದೆ.

ಮಳೆಗಾಲದಲ್ಲಿ ನಮ್ಮ ಹಳೇ ಮನೆಗಳ ಗೋಡೆ ಥಂಡಿ ಹೀರಿ ಗಾರೆ ಉಬ್ಬಿ ನಿಲ್ಲುವುದನ್ನು ಕಂಡವರಿಗೆ ಇದು ಬೇಗ ತಿಳಿಯುತ್ತದೆ. ಗಾರೆ ಪೂರ್ತಿಯಾಗಿ ಗೋಡೆಯಿಂದ ಬಿಟ್ಟುಕೊಳ್ಳುವುದು ಒಂದು ಬಗೆ. ಗಾರೆಯೇ ತನ್ನ ದಪ್ಪದೊಳಗೆ ಎರಡಾಗಿ ಸೀಳಿಕೊಂಡು, ಒಂದು ಪದರ ಗೋಡೆಗೆ ಅಂಟಿಯೇ ಇದ್ದು, ಇನ್ನೊಂದು ಮುಂದಕ್ಕೆ ಉಬ್ಬಿ, ನಡುವೆ ನೀರು ನಿಲ್ಲುವುದು ಇನ್ನೊಂದು ಬಗೆ. ಕಣ್ಣಿನಲ್ಲಿ ಈ ಎರಡನೆಯದಕ್ಕೆ ಬ್ಯಾಸಿಲರಿ ಲೇಯರ್ ಡಿಟ್ಯಾಚ್‌ಮೆಂಟ್ ಎನ್ನುತ್ತಾರೆ. ಬೆಳಕಿನ ಕೋಶದ ಒಳಭಾಗದಲ್ಲಿ ಮಯಾಯ್ಡ್ ಎಂಬ ಮೆತ್ತನೆಯ ಜಾಗವಿದೆ. ನೀರು ರಭಸದಿಂದ ನುಗ್ಗಿದಾಗ ಕೋಶಗಳು ಆ ಜಾಗದಲ್ಲೇ ಸೀಳುತ್ತವೆ. ಕೋಶದ ತುದಿಭಾಗ ಕಪ್ಪು ಪದರಕ್ಕೆ ಅಂಟಿಕೊಂಡೇ ಉಳಿಯುತ್ತದೆ, ಉಳಿದ ಭಾಗ ಮುಂದಕ್ಕೆ ಉಬ್ಬುತ್ತದೆ. ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿಯ ಸೋಂಕಾಗಿದ್ದ ರೋಗಿಯೊಬ್ಬರ ಕಣ್ಣಿನಲ್ಲಿ 2018ರ ಹೊತ್ತಿಗೆ ಇದನ್ನು ಈ ಹೆಸರಿನಿಂದ ಗುರುತಿಸಿದರು. ಆಮೇಲೆ ಬೇರೆ ಬೇರೆ ಉರಿಯೂತಗಳಲ್ಲಿ, ಪೆಟ್ಟು ಬಿದ್ದ ಕಣ್ಣುಗಳಲ್ಲಿ, ವಯಸ್ಸಾದವರಲ್ಲಿ ರೆಟಿನಾದ ನಡುಭಾಗಕ್ಕೆ ಬರುವ ಮ್ಯಾಕ್ಯುಲಾ ಕಾಯಿಲೆಯಲ್ಲಿ, ಗರ್ಭಿಣಿಯರ ರಕ್ತದೊತ್ತಡದಲ್ಲಿ ಕೂಡ ಕಾಣುತ್ತಾ ಬಂದಿದೆ.

ಇದರಲ್ಲಿ ಸಮಾಧಾನ ಕೊಡುವ ಒಂದು ಸಂಗತಿ ಇದೆ, ನನ್ನ ಬೇಡಿಕೆ ನಿಂತಿರುವುದೂ ಅದರ ಮೇಲೆಯೇ. ಮೂಲ ಕಾಯಿಲೆಗೆ ಸರಿಯಾದ ಔಷಧಿ ಹೊತ್ತಿಗೆ ಸರಿಯಾಗಿ ಬಿದ್ದರೆ ಈ ಸೀಳು ಎಷ್ಟೋ ಸಲ ಕೆಲವೇ ದಿನಗಳಲ್ಲಿ ಕೂಡಿಕೊಳ್ಳುತ್ತದೆ. ಕೋಶಗಳು ಮತ್ತೆ ಸಾಲಾಗಿ ನಿಲ್ಲುತ್ತವೆ, ದೃಷ್ಟಿ ಮರಳುತ್ತದೆ. ತಡವಾದರೆ ಕೋಶಗಳು ಸಾಯುತ್ತವೆ. ಸತ್ತ ಮೇಲೆ ಅವನ್ನು ಬದಲಿಸುವ ದಾರಿ ಸದ್ಯಕ್ಕಿಲ್ಲ. ನೇತ್ರದಾನದಿಂದ ನಾವು ಕೂಡಿಸುವುದು ಕಣ್ಣಿನ ಮುಂಭಾಗದ ಕಾರ್ನಿಯಾ ಮಾತ್ರ. ಡಾ. ರಾಜ್‌ಕುಮಾರ್, ಪುನೀತ್ ರಾಜ್‌ಕುಮಾರ್ ಕಣ್ಣು ಕೊಟ್ಟು ಹೋದ ಮೇಲೆ ನಮ್ಮ ಜನ ನೇತ್ರದಾನವನ್ನು ಎದೆಗೆ ಹಚ್ಚಿಕೊಂಡಿದ್ದಾರೆ. ಹಾಗಾಗಿಯೇ ಎಷ್ಟೋ ಮನೆಯವರು ನನ್ನ ಮುಂದೆ ಕೂತು, "ಬೇರೆಯವರ ಕಣ್ಣು ಹಾಕಿಸೋಕೆ ಆಗಲ್ವಾ ಸಾರ್?" ಎಂದು ಕೇಳಿದ್ದಾರೆ. ರೆಟಿನಾ ಕೆಟ್ಟವರಿಗೆ ಅದರಿಂದ ಪ್ರಯೋಜನವಿಲ್ಲ ಎಂದು ಹೇಳುವುದು ಬಹಳ ಕಷ್ಟದ ಕೆಲಸ.

ಒಬ್ಬ ಹೆಣ್ಣುಮಗಳ ವಿಷಯ ಹೇಳುತ್ತೇನೆ. ಗುರುತು ಸಿಗಬಾರದೆಂದು ಊರು ಹೆಸರು ಬಿಟ್ಟಿದ್ದೇನೆ. ಮೂವತ್ತರ ಆಸುಪಾಸಿನ ವಯಸ್ಸು, ಕಾಫಿ ಎಸ್ಟೇಟಿನ ಕಾರ್ಮಿಕರ ಲೈನ್ ಮನೆಯಲ್ಲಿ ವಾಸ, ಹಣ್ಣು ಕೊಯ್ಲಿನ ಕೆಲಸ. ಒಂದು ವಾರ ವಿಪರೀತ ತಲೆನೋವು, ಕತ್ತು ಬಿಗಿತ, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು. ಹತ್ತಿರದ ಪೇಟೆಯ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಅರೆತಲೆನೋವು ಎಂದು ಇಂಜೆಕ್ಷನ್ ಕೊಟ್ಟರು. ಆಮೇಲೆ ಕಣ್ಣು ಮಂಜಾದಾಗ ಇನ್ನೊಂದು ಕಡೆ ಕನ್ನಡಕದ ಚೀಟಿ ಬರೆದುಕೊಟ್ಟರು. ನನ್ನ ಬಳಿ ಬಂದಾಗ ಆಕೆ ಹೇಳಿದ ಮಾತು ಇದು: "ಹಣ್ಣು ಯಾವ್ದು, ಕಾಯಿ ಯಾವ್ದು ಗೊತ್ತಾಗ್ತಿಲ್ಲ ಸಾರ್. ಕಾಯಿನೇ ಕಿತ್ತು ಬುಟ್ಟಿಗೆ ಹಾಕ್ತಿದೀನಿ ಅಂತ ರೈಟರು ಬೈದು ಕಳಿಸಿದ್ರು." ರೈಟರು ಎಂದರೆ ತೋಟದ ಕೆಲಸ ನೋಡಿಕೊಳ್ಳುವವರು.

ಎಡಗಣ್ಣು ಮುಚ್ಚಿಸಿ ನೋಡಿದೆ, ಬಲಗಣ್ಣು ಮುಚ್ಚಿಸಿ ನೋಡಿದೆ. ಮೂರು ಮೀಟರ್ ದೂರದಿಂದ ಬೆರಳು ಎಣಿಸುವುದೂ ಕಷ್ಟವಾಗಿತ್ತು. "ನನ್ನ ಮುಖ ಕಾಣ್ತಾ ಇದೆಯೇನಮ್ಮ?" ಎಂದರೆ, "ಕಿವಿ ಕಾಣುತ್ತೆ ಸಾರ್, ಮೂಗು ಬಾಯಿ ಇರೋ ಜಾಗದಲ್ಲಿ ಮಂಕಾಗಿದೆ" ಎಂದಳು. ಬಾಗಿಲ ಚೌಕಟ್ಟು ಸೊಟ್ಟ ಕಾಣುತ್ತಿತ್ತು. ಕಣ್ಣು ಹೊರಗಿನಿಂದ ಬೆಳ್ಳಗೆ ಶುಭ್ರವಾಗಿತ್ತು. ಪೊರೆ ಇಲ್ಲ, ಪಿಸರು ಇಲ್ಲ, ನೋವು ಕೂಡ ಹೇಳಿಕೊಳ್ಳುವಷ್ಟಿಲ್ಲ. ತಾಲ್ಲೂಕು ಆಸ್ಪತ್ರೆಯ ಕಣ್ಣಿನ ಕೊಠಡಿಯಲ್ಲಿ ನನ್ನ ಕೈಯಲ್ಲಿದ್ದದ್ದು ಅಕ್ಷರದ ಬೋರ್ಡು, ಟ್ರಯಲ್ ಲೆನ್ಸಿನ ಪೆಟ್ಟಿಗೆ, ಒಂದು ಸ್ಲಿಟ್ ಲ್ಯಾಂಪು, ಕೈಯಲ್ಲಿ ಹಿಡಿದು ನೋಡುವ ಆಫ್ತಲ್ಮೋಸ್ಕೋಪು. ಒಳಗೆ ಏನೋ ಉಬ್ಬಿದೆ ಎಂದು ತಿಳಿಯುತ್ತಿತ್ತು. ಯಾವ ಪದರ, ಎಷ್ಟು, ಏಕೆ ಎಂದು ತಿಳಿಯುವ ಸಾಧನ ಅಲ್ಲಿರಲಿಲ್ಲ.

ಬೆಂಗಳೂರಿಗೆ ಹೋಗು ಎಂದು ಚೀಟಿ ಬರೆದೆ. ಗಂಡ ರಜೆ ಕೇಳಬೇಕು, ಸಾಹುಕಾರರ ಹತ್ತಿರ ಅಡ್ವಾನ್ಸ್ ತೆಗೆಯಬೇಕು, ಚಿಕ್ಕ ಮಗುವನ್ನು ಯಾರ ಬಳಿಯಾದರೂ ಬಿಡಬೇಕು. ಹೊರಡುವ ಹೊತ್ತಿಗೆ ಇನ್ನೂ ಹತ್ತು ಹನ್ನೆರಡು ದಿನ ಕಳೆದಿದ್ದವು. ಅಲ್ಲಿ ಓಸಿಟಿ ಮಾಡಿ ನೋಡಿದಾಗ ಎರಡೂ ಕಣ್ಣಿನಲ್ಲಿ ಕೋರಾಯ್ಡ್ ಊದಿ, ರೆಟಿನಾದ ಕೆಳಗೆ ಹಲವು ಕಡೆ ನೀರಿನ ಗೂಡುಗಳು, ಮಧ್ಯದಲ್ಲಿ ಸೀಳಿದ ಬ್ಯಾಸಿಲರಿ ಪದರ. ಕಾಯಿಲೆ ವೋಗ್ಟ್-ಕೊಯನಾಗಿ-ಹರಾಡಾ, ವಿಕೆಎಚ್ ಎನ್ನುತ್ತಾರೆ. ಬಲಗಣ್ಣು ಚೆನ್ನಾಗಿ ಚೇತರಿಸಿತು. ಎಡಗಣ್ಣಿನಲ್ಲಿ ಇವತ್ತಿಗೂ ಸಣ್ಣ ಅಕ್ಷರ ಓದಲಾಗುವುದಿಲ್ಲ.

ವಿಕೆಎಚ್ ದೇಹದ ರೋಗನಿರೋಧಕ ಶಕ್ತಿ ತನ್ನದೇ ಬಣ್ಣದ ಕೋಶಗಳ ಮೇಲೆ ತಿರುಗಿ ಬೀಳುವ ಕಾಯಿಲೆ. ಬಿಳಿ ಚರ್ಮದ ಯುರೋಪಿನವರಲ್ಲಿ ಅಪರೂಪ, ನಮ್ಮಂಥ ಬಣ್ಣದ ಚರ್ಮದವರಲ್ಲಿ ಹೆಚ್ಚು. ಹೆಣ್ಣುಮಕ್ಕಳಲ್ಲಿ ಹೆಚ್ಚಾಗಿ, ಇಪ್ಪತ್ತರಿಂದ ಐವತ್ತರೊಳಗೆ ಬರುತ್ತದೆ. ಮೊದಲು ಜ್ವರ ಬಂದ ಹಾಗೆ, ತಲೆನೋವು, ಕತ್ತು ಬಿಗಿತ, ಕಿವಿಯ ಸದ್ದು. ನಾಲ್ಕಾರು ದಿನಕ್ಕೆ ಎರಡೂ ಕಣ್ಣು ಒಟ್ಟಿಗೆ ಮಂಜು. ತಿಂಗಳುಗಳ ಮೇಲೆ ಕೂದಲು, ರೆಪ್ಪೆಗೂದಲು ನರೆಯುವುದು, ಚರ್ಮದಲ್ಲಿ ತೊನ್ನಿನ ಕಲೆ. ಆ ಕಲೆ ಮೂಡುವವರೆಗೆ ಕಾದು ಕಾಯಿಲೆ ಗುರುತಿಸುವುದೆಂದರೆ ಕಣ್ಣು ಹೋದ ಮೇಲೆ ಗುರುತಿಸಿದಂತೆ. ಮೊದಲ ವಾರಗಳಲ್ಲೇ ಉರಿಯೂತ ಇಳಿಸುವ ಸ್ಟೀರಾಯ್ಡ್ ಔಷಧಿಯನ್ನು ದೊಡ್ಡ ಪ್ರಮಾಣದಲ್ಲಿ ಶುರು ಮಾಡಬೇಕು. ಸಾಮಾನ್ಯವಾಗಿ ಮೂರು ದಿನ ರಕ್ತನಾಳದ ಮೂಲಕ ಕೊಟ್ಟು, ಆಮೇಲೆ ಮಾತ್ರೆಯನ್ನು ಕನಿಷ್ಠ ಆರು ತಿಂಗಳು ಮೆಲ್ಲಮೆಲ್ಲಗೆ ಇಳಿಸುತ್ತಾ ಹೋಗುತ್ತಾರೆ. ಜೊತೆಗೆ ಎಷ್ಟೋ ಜನಕ್ಕೆ ರೋಗನಿರೋಧಕ ಶಕ್ತಿಯ ಅತಿರೇಕವನ್ನು ತಗ್ಗಿಸುವ ಅಜಾಥಿಯೋಪ್ರಿನ್, ಮೆಥೊಟ್ರೆಕ್ಸೇಟ್, ಮೈಕೋಫಿನೊಲೇಟ್‌ನಂಥ ಮಾತ್ರೆಗಳು ಬೇಕಾಗುತ್ತವೆ.

ಹಾಗಾದರೆ ಅನುಮಾನ ಬಂದ ಕೂಡಲೇ ತಾಲ್ಲೂಕು ಆಸ್ಪತ್ರೆಯಲ್ಲೇ ಸ್ಟೀರಾಯ್ಡ್ ಕೊಟ್ಟುಬಿಡಬಾರದೇ ಎಂದು ತಾವು ಕೇಳಬಹುದು. ಕೊಡಬಾರದು. ಯಾಕೆಂದರೆ ಇದೇ ತರಹ ಕಣ್ಣು ಬೆಳ್ಳಗಿದ್ದು, ನೋವಿಲ್ಲದೆ, ಮಧ್ಯದಲ್ಲಿ ಮಂಕು ಕವಿದು, ಗೆರೆ ಸೊಟ್ಟ ಕಾಣುವ ಇನ್ನೊಂದು ಕಾಯಿಲೆ ಇದೆ. ಅದು ಸೆಂಟ್ರಲ್ ಸೀರಸ್ ಕೋರಿಯೊರೆಟಿನೋಪತಿ. ಹೆಚ್ಚಾಗಿ ಮೂವತ್ತು, ನಲವತ್ತರ ಗಂಡಸರಿಗೆ ಬರುತ್ತದೆ. ಅದರಲ್ಲೂ ರೆಟಿನಾದ ಕೆಳಗೆ ನೀರು. ಆದರೆ ಅಲ್ಲಿ ಸ್ಟೀರಾಯ್ಡೇ ಶತ್ರು. ಮಾತ್ರೆಯಾಗಿ ಬರಲಿ, ಮಂಡಿಗೆ ಹಾಕಿಸಿಕೊಂಡ ಇಂಜೆಕ್ಷನ್ ಆಗಲಿ, ಉಬ್ಬಸದ ಇನ್‌ಹೇಲರ್ ಆಗಲಿ, ಮುಖ ಬೆಳ್ಳಗಾಗಲಿ ಎಂದು ಹಚ್ಚಿಕೊಂಡ ಕ್ರೀಮ್ ಆಗಲಿ, ಸ್ಟೀರಾಯ್ಡ್ ಆ ಕಾಯಿಲೆಯನ್ನು ಎಬ್ಬಿಸಬಹುದು, ಉಲ್ಬಣಿಸಬಹುದು. ಎಷ್ಟೋ ಜನಕ್ಕೆ ಆ ಕಾಯಿಲೆ ಮೂರು ನಾಲ್ಕು ತಿಂಗಳಲ್ಲಿ ತಾನಾಗಿ ಇಳಿಯುತ್ತದೆ. ಅವರಿಗೆ ನಾವು ಒಳ್ಳೆಯದನ್ನು ಮಾಡುತ್ತೇವೆಂದು ಮಾತ್ರೆ ಕೊಟ್ಟರೆ ಕೇಡು ಮಾಡಿದಂತಾಗುತ್ತದೆ.

ಒಬ್ಬಳಿಗೆ ಸ್ಟೀರಾಯ್ಡ್ ತಡವಾದರೆ ಕಣ್ಣು ಹೋಗುತ್ತದೆ, ಇನ್ನೊಬ್ಬನಿಗೆ ಸ್ಟೀರಾಯ್ಡ್ ಕೊಟ್ಟರೇ ಕಣ್ಣು ಹಾಳಾಗುತ್ತದೆ. ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಒಂದೇ ಮಾತು ಹೇಳುತ್ತಾರೆ. ಟಾರ್ಚು ಹಿಡಿದು ಇವರಿಬ್ಬರನ್ನು ಬೇರ್ಪಡಿಸಲು ನನ್ನಂಥವನಿಂದ ಸಾಧ್ಯವಿಲ್ಲ. ರೆಟಿನಾ ತಜ್ಞರಲ್ಲದ ಕಣ್ಣಿನ ವೈದ್ಯರಿಗೂ ಕಷ್ಟ. ಓಸಿಟಿ ಇದ್ದರೆ ಕೋರಾಯ್ಡ್ ಹೇಗೆ ಊದಿದೆ, ನೀರು ಒಂದೇ ಗುಳ್ಳೆಯೋ ಹಲವು ಗೂಡುಗಳೋ, ಬ್ಯಾಸಿಲರಿ ಪದರ ಸೀಳಿದೆಯೋ ಇಲ್ಲವೋ ಎಂದು ಕೆಲವೇ ನಿಮಿಷದಲ್ಲಿ ಚಿತ್ರ ಕಣ್ಣ ಮುಂದೆ ಬರುತ್ತದೆ. 1991ರಲ್ಲಿ ಅಮೆರಿಕದ ಸಂಶೋಧಕರು ಮೊದಲು ಪ್ರಕಟಿಸಿದ ಈ ವಿಧಾನದಲ್ಲಿ ಸೂಜಿ ಚುಚ್ಚುವುದಿಲ್ಲ, ಎಕ್ಸ್‌ರೇ ಇಲ್ಲ, ಕಣ್ಣಿಗೆ ಏನನ್ನೂ ತಾಗಿಸುವುದಿಲ್ಲ. ಗಲ್ಲವನ್ನು ಪಟ್ಟಿಯ ಮೇಲಿಟ್ಟು ಒಂದು ಚುಕ್ಕೆ ನೋಡುತ್ತಾ ಕೂತರೆ ಸಾಕು. ಈಗಿನ ಯಂತ್ರಗಳು ಐದಾರು ಮೈಕ್ರಾನ್‌ನಷ್ಟು ಸಣ್ಣ ವ್ಯತ್ಯಾಸವನ್ನೂ ತೋರಿಸುತ್ತವೆ. ತಲೆಗೂದಲಿನ ದಪ್ಪ ಎಪ್ಪತ್ತು ಮೈಕ್ರಾನ್ ಸುಮಾರು ಇರುತ್ತದೆ ಎಂದರೆ ಅದು ಎಷ್ಟು ಸೂಕ್ಷ್ಮ ಎಂದು ತಾವೇ ಊಹಿಸಬಹುದು.

ಯಂತ್ರ ಬಂದ ಕೂಡಲೇ ಎಲ್ಲವೂ ತಿಳಿಯುತ್ತದೆ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ತಮ್ಮನ್ನು ದಾರಿ ತಪ್ಪಿಸಿದಂತೆ. ಓಸಿಟಿ ತೋರಿಸುವುದು ಪದರದ ಸ್ಥಿತಿಯನ್ನು. ಕಾರಣ ಹುಡುಕಲು ರಕ್ತಪರೀಕ್ಷೆ, ಎದೆಯ ಎಕ್ಸ್‌ರೇ, ಕೆಲವೊಮ್ಮೆ ಡೈ ಹಾಕಿ ತೆಗೆಯುವ ಕಣ್ಣಿನ ಆಂಜಿಯೋಗ್ರಾಮ್ ಬೇಕು. ಕ್ಷಯ ಕೂಡ ಕೋರಾಯ್ಡಿನಲ್ಲಿ ಉರಿಯೂತ ಮಾಡುತ್ತದೆ. ಕ್ಷಯದ ಔಷಧಿ ಇಲ್ಲದೆ ಬರೀ ಸ್ಟೀರಾಯ್ಡ್ ಕೊಟ್ಟರೆ ಸೋಂಕಿಗೆ ಬಾಗಿಲು ತೆರೆದಂತೆ. ಬೆಕ್ಕಿನ ಮಲದಿಂದ, ಸರಿಯಾಗಿ ಬೇಯದ ಮಾಂಸದಿಂದ ಬರುವ ಟಾಕ್ಸೊಪ್ಲಾಸ್ಮಾಕ್ಕೂ ಹಾಗೆಯೇ, ಮೊದಲು ಆ ಪರೋಪಜೀವಿಯನ್ನು ಹತೋಟಿಗೆ ತರುವ ಔಷಧಿ ಬೇಕು. ಸಿಫಿಲಿಸ್ ಪರೀಕ್ಷೆಯನ್ನು ಮರೆಯಬಾರದು. ಈ ಪರೀಕ್ಷೆಗಳಲ್ಲಿ ಬಹುತೇಕ ಈಗಾಗಲೇ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಆಗುತ್ತಿವೆ. ಕ್ಷಯ ವಿಭಾಗದ ಸಿಬ್ಬಂದಿ ಪಕ್ಕದ ಕೊಠಡಿಯಲ್ಲೇ ಕೂತಿರುತ್ತಾರೆ. ಕೊಂಡಿ ತಪ್ಪಿರುವುದು ಕಣ್ಣಿನ ಪದರ ನೋಡುವ ಒಂದೇ ಕಡೆ.

ನಮ್ಮ ಕಡೆಗೇ ವಿಶೇಷವಾಗಿ ಅನ್ವಯಿಸುವ ಎರಡು ಮೂರು ವಿಷಯ ಇವೆ. ಮರಗಸಿ ಮಾಡುವಾಗ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವಾಗ, ಚಕ್ಕೆ ಸಿಡಿದು, ಕಳೆ ಹೊಡೆಯುವ ಯಂತ್ರದ ತಂತಿಯೋ ಕಲ್ಲೋ ಹಾರಿ, ಕಾಫಿ ಕಡ್ಡಿ ಚುಚ್ಚಿ ಕಣ್ಣಿಗೆ ಗಾಯವಾಗುವುದು ತೋಟದಲ್ಲಿ ಮಾಮೂಲು. ಗಾಯ ಕಣ್ಣನ್ನು ತೂರಿಕೊಂಡು ಹೋದರೆ, ವಾರಗಳ ಅಥವಾ ತಿಂಗಳುಗಳ ಮೇಲೆ, ಪೆಟ್ಟೇ ಬೀಳದ ಇನ್ನೊಂದು ಕಣ್ಣಿನಲ್ಲಿ ಉರಿಯೂತ ಏಳಬಹುದು. ಅಪರೂಪ ನಿಜ. ಇದಕ್ಕೆ ಸಿಂಪಥೆಟಿಕ್ ಆಫ್ತಾಲ್ಮಿಯಾ ಎನ್ನುತ್ತಾರೆ. ಇದರಲ್ಲೂ ವಿಕೆಎಚ್‌ನಂತೆಯೇ ಪದರ ಬಿಟ್ಟುಕೊಳ್ಳುತ್ತದೆ. ಬ್ರೈಲ್ ಲಿಪಿ ಕೊಟ್ಟ ಲೂಯಿ ಬ್ರೈಲ್ ಮೂರನೇ ವಯಸ್ಸಿನಲ್ಲಿ ಒಂದು ಕಣ್ಣಿಗೆ ಪೆಟ್ಟು ಮಾಡಿಕೊಂಡು ಕೊನೆಗೆ ಎರಡೂ ಕಣ್ಣು ಕಳೆದುಕೊಂಡದ್ದು ಇದರಿಂದಲೇ ಇರಬೇಕೆಂದು ಅನೇಕ ವೈದ್ಯರು ಭಾವಿಸುತ್ತಾರೆ. ಗಾಯವಾದ ಕಣ್ಣಿಗೆ ಹೊಲಿಗೆ ಹಾಕಿ ಕಳಿಸಿದ ಕಾರ್ಮಿಕನನ್ನು ಆಮೇಲೆ ಯಾರು ವಿಚಾರಿಸುತ್ತಾರೆ? ಕೊಯ್ಲು ಮುಗಿದ ಮೇಲೆ ಆತ ಬಂದ ಊರಿಗೆ ಹೋಗಿರುತ್ತಾನೆ.

ಇನ್ನು ಡೆಂಗಿ. 2024ರ ಮಳೆಗಾಲದಲ್ಲಿ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳು ಎಷ್ಟು ನರಳಿದವು ಎಂದು ತಮ್ಮ ಇಲಾಖೆಗೇ ಗೊತ್ತಿದೆ. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತಿಗೆ, ಪ್ಲೇಟ್‌ಲೆಟ್ ತಳಮುಟ್ಟುವ ದಿನಗಳಲ್ಲಿ, ಕೆಲವರಿಗೆ ರೆಟಿನಾದ ನಡುಭಾಗದಲ್ಲಿ ಉರಿಯೂತವಾಗಿ ದೃಷ್ಟಿ ಮಂಕಾಗುತ್ತದೆ. ಎಲ್ಲರ ಗಮನ ಪ್ಲೇಟ್‌ಲೆಟ್ ಎಣಿಕೆಯ ಮೇಲಿರುವಾಗ ರೋಗಿ "ಕಣ್ಣು ಮಂಜು" ಎಂದರೆ ನಿಶ್ಶಕ್ತಿ ಎಂದು ಸುಮ್ಮನಾಗುತ್ತಾರೆ. ಗರ್ಭಿಣಿಯರಲ್ಲಿ ರಕ್ತದೊತ್ತಡ ಏರಿ ರೆಟಿನಾದ ಕೆಳಗೆ ನೀರು ಸೇರುವುದೂ ಉಂಟು. ಹೆರಿಗೆಯಾಗಿ ಒತ್ತಡ ಹತೋಟಿಗೆ ಬಂದರೆ ಅದು ಸಾಮಾನ್ಯವಾಗಿ ವಾರಗಳಲ್ಲಿ ಸರಿಹೋಗುತ್ತದೆ. ಆದರೆ ಕಣ್ಣು ಮಂಜಾಗುವುದು ತಾಯಿಯ ಪ್ರಾಣಕ್ಕೇ ಕುತ್ತು ಬರುತ್ತಿರುವ ಸೂಚನೆ. ಆಶಾ ಕಾರ್ಯಕರ್ತೆಯರಿಗೆ ಇದು ಗೊತ್ತು, ಮನೆಯ ಹಿರಿಯರಿಗೆ ಗೊತ್ತಿರುವುದಿಲ್ಲ.

ಕೊನೆಯದಾಗಿ, ತೂತು ಬಿದ್ದು ರೆಟಿನಾ ಕಳಚುವ ಸಾಮಾನ್ಯ ಬಗೆ. ಕಣ್ಣ ಮುಂದೆ ಮಿಂಚು, ಕಪ್ಪು ಚುಕ್ಕೆಗಳ ಮಳೆ, ಪಕ್ಕದಿಂದ ಪರದೆ ಎಳೆದ ಹಾಗೆ ಕತ್ತಲೆ. ಅದಕ್ಕೆ ಔಷಧಿ ಇಲ್ಲ, ಶಸ್ತ್ರಚಿಕಿತ್ಸೆಯೇ ಬೇಕು, ಅದೂ ನಡುಭಾಗ ಕಳಚುವ ಮೊದಲು.

ಈಗ ದಾರಿಯ ಮಾತು. ಚಿಕ್ಕಮಗಳೂರಿನಿಂದ ಬೆಂಗಳೂರು ಸುಮಾರು 245 ಕಿಲೋಮೀಟರ್. ಕಳಸ, ಶೃಂಗೇರಿ, ಕೊಪ್ಪದ ಕಡೆಯವರಿಗೆ ಇನ್ನೂ ಎಷ್ಟೋ ದೂರ. ಮಂಗಳೂರಿಗೆ ಹೋಗೋಣ ಎಂದರೆ ಜೂನ್‌ನಿಂದ ಆಗಸ್ಟ್‌ವರೆಗೆ ಚಾರ್ಮಾಡಿಯಲ್ಲಿ ಯಾವಾಗ ಮಣ್ಣು ಜರಿಯುತ್ತದೋ, ಶಿರಾಡಿಯಲ್ಲಿ ಯಾವಾಗ ವಾಹನ ನಿಲ್ಲಿಸುತ್ತಾರೋ ಹೇಳಲಾಗದು. ಕಣ್ಣು ಕಾಣದವರು ಒಬ್ಬರೇ ಹೋಗಲಾರರು, ಜೊತೆಗೆ ಒಬ್ಬರು ಬೇಕು. ಅಲ್ಲಿಗೆ ಇಬ್ಬರ ಕೂಲಿ ಹೋಯಿತು. ಒಂದು ಸಲ ಹೋದರೆ ಮುಗಿಯುವುದೂ ಇಲ್ಲ. ಔಷಧಿ ಇಳಿಸುವಾಗಲೆಲ್ಲ ಪದರ ಮತ್ತೆ ಉಬ್ಬಿದೆಯೇ ಎಂದು ಓಸಿಟಿ ಮಾಡಿ ನೋಡಬೇಕು. ಹೀಗಾಗಿ ಮೊದಲನೇ ಸಲ ಹೇಗೋ ಹೋಗುತ್ತಾರೆ, ದೃಷ್ಟಿ ಸ್ವಲ್ಪ ಮರಳಿದ ಕೂಡಲೇ ಮಾತ್ರೆಯನ್ನೂ ಬಿಡುತ್ತಾರೆ, ಪ್ರಯಾಣವನ್ನೂ ಬಿಡುತ್ತಾರೆ. ವಿಕೆಎಚ್ ಮರುಕಳಿಸುವುದು ಆಗಲೇ. ಈ ಜನರನ್ನು ಅಸಡ್ಡೆಯವರೆಂದು ಬೈಯುವ ವೈದ್ಯರನ್ನು ನೋಡಿದ್ದೇನೆ. ದಿನಗೂಲಿಯವರ ಲೆಕ್ಕ ಅವರಿಗೆ ಗೊತ್ತಿದ್ದರೆ ಬೈಯುತ್ತಿರಲಿಲ್ಲ.

ದಾರಿ ತಮ್ಮ ಇಲಾಖೆಯೇ ಹಾಕಿಕೊಟ್ಟಿದೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರು ಕೂಡಲೇ ನೋಡುತ್ತಾರೆ, ಹೃದಯಾಘಾತವಾಗಿದ್ದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ತಾಲ್ಲೂಕಿನಲ್ಲೇ ಕೊಡುತ್ತಾರೆ. 2025ರಲ್ಲಿ ಹಾಸನದ ಹೃದಯಾಘಾತದ ಸಾವುಗಳು ಸುದ್ದಿಯಾದಾಗ ಸರ್ಕಾರ ತಜ್ಞರ ಸಮಿತಿ ಮಾಡಿತು, ಜನ ತಂಡತಂಡವಾಗಿ ಇಸಿಜಿ ಮಾಡಿಸಿಕೊಂಡರು. ಹೃದಯಕ್ಕೆ ಮಾಡಿದ್ದನ್ನು ಕಣ್ಣಿಗೂ ಮಾಡಿ ಎಂದಷ್ಟೇ ಕೇಳುತ್ತಿದ್ದೇನೆ. ಇಸಿಜಿಯ ಜಾಗದಲ್ಲಿ ಓಸಿಟಿ, ಜಯದೇವದ ಜಾಗದಲ್ಲಿ ಮಿಂಟೋ. 1896ರಲ್ಲಿ ಶುರುವಾದ ಮಿಂಟೋ ಆಸ್ಪತ್ರೆ ಇಡೀ ರಾಜ್ಯದ ಪ್ರಾದೇಶಿಕ ನೇತ್ರ ಸಂಸ್ಥೆ. ಹಾಸನದ ಮತ್ತು ಚಿಕ್ಕಮಗಳೂರಿನ ಸರ್ಕಾರಿ ವೈದ್ಯಕೀಯ ಕಾಲೇಜುಗಳ ನೇತ್ರ ವಿಭಾಗಗಳು ನಡುವಿನ ಮೆಟ್ಟಿಲಾಗಲಿ. ಚಿತ್ರ ನೋಡಿದ ತಜ್ಞರು "ಇವತ್ತೇ ಹಾಸನದಲ್ಲಿ ದಾಖಲು ಮಾಡಿ ಸ್ಟೀರಾಯ್ಡ್ ಶುರು ಮಾಡಿ" ಎಂದೋ, "ಯಾವ ಸ್ಟೀರಾಯ್ಡೂ ಬೇಡ, ತಿಂಗಳ ಮೇಲೆ ಮತ್ತೆ ಚಿತ್ರ ಕಳಿಸಿ" ಎಂದೋ ಹೇಳಿದರೆ ಸಾಕು. ಒಂದು ಕಣ್ಣು ಉಳಿಯುವುದಕ್ಕೂ ಹೋಗುವುದಕ್ಕೂ ಆ ಒಂದು ಸಾಲಿನ ಉತ್ತರವೇ ಸಾಲುತ್ತದೆ.

ಹತ್ತಾರು ಲಕ್ಷದ ಯಂತ್ರವನ್ನು ಅಪರೂಪದ ಕಾಯಿಲೆಗೆಂದು ಇಡುವುದೇ ಎಂದು ಹಣಕಾಸಿನವರು ಕೇಳುತ್ತಾರೆ. ಅದೇ ಯಂತ್ರದಲ್ಲಿ ಸಕ್ಕರೆ ಕಾಯಿಲೆಯವರ ರೆಟಿನಾ ಊತ, ವಯಸ್ಸಾದವರ ಮ್ಯಾಕ್ಯುಲಾ, ಗ್ಲಾಕೋಮಾದಲ್ಲಿ ನರದ ಸವೆತ ಎಲ್ಲ ನೋಡುತ್ತಾರೆ. ತಾಲ್ಲೂಕು ಆಸ್ಪತ್ರೆಯ ಸಕ್ಕರೆ, ಬಿಪಿ ಕ್ಲಿನಿಕ್ಕಿನ ಮುಂದೆ ಬೆಳಿಗ್ಗೆ ನಿಲ್ಲುವ ಸಾಲನ್ನು ಒಮ್ಮೆ ನೋಡಿ. ಯಂತ್ರ ಒಂದು ದಿನವೂ ಖಾಲಿ ಕೂರುವುದಿಲ್ಲ.

ಆದರೆ ಖರೀದಿ ಮಾಡಿ ಕಳಿಸಿಬಿಟ್ಟರೆ ಆಗದು. ನಮ್ಮ ಕಡೆಯ ಮಳೆ ತಮಗೆ ಗೊತ್ತು. ಜುಲೈ ಬಂತೆಂದರೆ ಸ್ಲಿಟ್ ಲ್ಯಾಂಪಿನ ಲೆನ್ಸಿನ ಒಳಗೆ ಬೂಷ್ಟು ಹಿಡಿಯುತ್ತದೆ. ಜೇಡರ ಬಲೆಯಂಥ ಎಳೆಗಳು ಗಾಜಿನ ಮೇಲೆ ಹರಡಿಕೊಂಡ ಮೇಲೆ ಒರೆಸಿದರೂ ಹೋಗುವುದಿಲ್ಲ. ಹೀಗೆ ಹಾಳಾಗಿ ಮೂಲೆ ಸೇರಿದ ಉಪಕರಣಗಳಿಗೆ ಬಟ್ಟೆ ಹೊದಿಸಿಟ್ಟಿದ್ದನ್ನು ಸೇವೆಯುದ್ದಕ್ಕೂ ಕಂಡಿದ್ದೇನೆ. ಓಸಿಟಿ ಇಡುವ ಕೊಠಡಿಗೆ ತೇವ ತೆಗೆಯುವ ಯಂತ್ರ ಬೇಕು, ದಿನಕ್ಕೆ ನಾಲ್ಕು ಸಲ ಹೋಗಿ ಬರುವ ಕರೆಂಟಿಗೆ ಯುಪಿಎಸ್ ಬೇಕು, ಕರೆದರೆ ವಾರದೊಳಗೆ ಬರುವ ಸರ್ವಿಸ್ ಕರಾರು ಬೇಕು, ಚಿತ್ರ ಕಳಿಸಲು ನಂಬಬಹುದಾದ ಇಂಟರ್ನೆಟ್ ಬೇಕು. ನೇತ್ರಾಧಿಕಾರಿ ಹುದ್ದೆ ಖಾಲಿ ಬಿಡಬಾರದು. ಇವನ್ನು ಟೆಂಡರಿನಲ್ಲೇ ಬರೆಯದಿದ್ದರೆ ಎರಡನೇ ಮಳೆಗಾಲಕ್ಕೆ ಯಂತ್ರಕ್ಕೂ ಬಟ್ಟೆ ಹೊದಿಸುತ್ತಾರೆ.

ಮಾತ್ರೆಗಳ ಸರಬರಾಜು ಇನ್ನೊಂದು ಮುಖ್ಯ ವಿಷಯ. ವಿಕೆಎಚ್‌ಗೆ ಬೇಕಾದ ಔಷಧಿಗಳು ತಿಂಗಳುಗಟ್ಟಲೆ ನಿಲ್ಲದೆ ಸಿಗಬೇಕು. ಅಜಾಥಿಯೋಪ್ರಿನ್, ಮೆಥೊಟ್ರೆಕ್ಸೇಟ್ ಜಿಲ್ಲಾ ಆಸ್ಪತ್ರೆಯ ಉಚಿತ ಔಷಧಿ ಪಟ್ಟಿಯಿಂದ ತಾಲ್ಲೂಕಿನವರೆಗೆ ಬರಲಿ. ಅವನ್ನು ತೆಗೆದುಕೊಳ್ಳುವವರ ರಕ್ತ, ಲಿವರ್, ಸಕ್ಕರೆ ಪರೀಕ್ಷೆ ಕಾಲಕಾಲಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಗಲಿ.

ಯಂತ್ರ ಬರುವವರೆಗೆ ಕಾಯದೆ ನಾಳೆಯೇ ಮಾಡಬಹುದಾದ ಕೆಲಸಗಳೂ ಇವೆ. ಆಶಾ ಕಾರ್ಯಕರ್ತೆಯರು ಮನೆಗೆ ಹೋದಾಗ ಗೋಡೆಯ ಕ್ಯಾಲೆಂಡರ್ ತೋರಿಸಿ, ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ಚೌಕಗಳ ಗೆರೆ ನೋಡಲು ಹೇಳಲಿ. ಗೆರೆ ಬಾಗಿದರೆ, ನಡುವಿನ ಅಂಕಿ ಮಾಯವಾದರೆ ಕಣ್ಣು ಕೆಂಪಾಗಿರಲಿ ಬಿಡಲಿ ಮರುದಿನವೇ ಆಸ್ಪತ್ರೆಗೆ ಕಳಿಸಲಿ. ಎರಡು ಕಣ್ಣನ್ನೂ ತೆರೆದು ನೋಡಿದರೆ ಒಳ್ಳೆಯ ಕಣ್ಣು ಕೆಟ್ಟದ್ದನ್ನು ಮುಚ್ಚಿಹಾಕುತ್ತದೆ, ಹಾಗಾಗಿ ಒಂದೊಂದಾಗಿ ನೋಡುವುದು ಮುಖ್ಯ. ತಲೆನೋವಿನ ಜೊತೆ ಎರಡೂ ಕಣ್ಣು ಮಂಜಾದವರಿಗೆ ಕನ್ನಡಕದ ಚೀಟಿ ಬರೆದು ಕಳಿಸಬಾರದೆಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಒಂದು ಸುತ್ತೋಲೆ ಹೋಗಲಿ. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸ್ಟೀರಾಯ್ಡ್ ಮಾತ್ರೆ, ಸ್ಟೀರಾಯ್ಡ್ ಕಣ್ಣಿನ ಹನಿ ಕೊಡುವುದನ್ನು ಔಷಧ ನಿಯಂತ್ರಣ ಇಲಾಖೆ ಗಟ್ಟಿಯಾಗಿ ತಡೆಯಲಿ. ಆ ಹನಿಯನ್ನು ತಿಂಗಳುಗಟ್ಟಲೆ ಹಾಕಿಕೊಂಡು ಗ್ಲಾಕೋಮಾ ತಂದುಕೊಂಡ ಹುಡುಗರು ನನ್ನ ಕಣ್ಣ ಮುಂದೆಯೇ ಇದ್ದಾರೆ. ತೋಟದ ಮಾಲೀಕರಿಗೂ ಒಂದು ಮನವಿ: ಮರಗಸಿ ಮಾಡುವವರಿಗೆ, ಕಳೆ ಯಂತ್ರ ಹಿಡಿಯುವವರಿಗೆ ರಕ್ಷಣಾ ಕನ್ನಡಕ ಕೊಡಿ, ಹಾಕಿಕೊಂಡಿದ್ದಾರೆಯೇ ಎಂದು ರೈಟರ ಕೈಲಿ ನೋಡಿಸಿ. ಕಣ್ಣಿಗೆ ಪೆಟ್ಟಾದ ಆಳನ್ನು ಒಂದು ವರ್ಷದವರೆಗೆ ಆಗಾಗ ತಪಾಸಣೆಗೆ ಕಳಿಸಿ. ಆ ದಿನದ ಕೂಲಿ ಹಿಡಿಯಬೇಡಿ.

ಮಾನ್ಯರೇ, ಮುಂದಿನ ಬಜೆಟ್ಟಿನಲ್ಲಿ ಈ ಎರಡು ಯಂತ್ರಗಳಿಗೆ ಮತ್ತು ಮಿಂಟೋ ಜೊತೆಗಿನ ಸಂಪರ್ಕಕ್ಕೆ ಹಣ ಇಟ್ಟು, ಬರುವ ಕಾಫಿ ಕೊಯ್ಲಿನೊಳಗೆ ಕೆಲಸ ಶುರುವಾಗುವಂತೆ ಆದೇಶ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ. ಒಂದು ವರ್ಷ ಪ್ರಾಯೋಗಿಕವಾಗಿ ನಡೆಸಿ, ಎಷ್ಟು ಜನರ ಚಿತ್ರ ಹೋಯಿತು, ಎಷ್ಟು ಹೊತ್ತಿಗೆ ಉತ್ತರ ಬಂತು, ಎಷ್ಟು ಜನಕ್ಕೆ ಚಿಕಿತ್ಸೆ ಶುರುವಾಯಿತು ಎಂಬ ಲೆಕ್ಕವನ್ನು ಪೊರೆಯ ಲೆಕ್ಕದ ಪಕ್ಕದಲ್ಲೇ ಪ್ರಕಟಿಸಿ. ಯಂತ್ರ ನಡೆಸಲು, ರೋಗಿಯನ್ನು ಸರಿಯಾಗಿ ಕೂರಿಸಿ ಚಿತ್ರ ತೆಗೆಯಲು ಹೊಸ ನೇತ್ರಾಧಿಕಾರಿಗಳಿಗೆ ಹೇಳಿಕೊಡುವ ಕೆಲಸವಿದ್ದರೆ, ಗೌರವಧನ ಏನೂ ಬೇಡ, ಸಕಲೇಶಪುರವಾಗಲಿ ಕೊಪ್ಪವಾಗಲಿ ನಾನೇ ಬಂದು ಜೊತೆಗೆ ನಿಲ್ಲುತ್ತೇನೆ. ನನ್ನ ಜೊತೆ ಕೆಲಸ ಮಾಡಿ ನಿವೃತ್ತರಾದ ಇನ್ನೂ ಕೆಲವರು ಬರಲು ಒಪ್ಪಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ನೇತ್ರಾಧಿಕಾರಿ
ಮೂಡಿಗೆರೆ, ಚಿಕ್ಕಮಗಳೂರು ಜಿಲ್ಲೆ